ಮೀನಖಂಡ

ಓಹ್ರಿದ್ ಸರೋವರ ಕನ್ನಡಿಯಂತೆ, ಎನ್ನುತ್ತಾರೆ ಪ್ರವಾಸಿಗಳು.
ಕನ್ನಡಿಯಾಗಿದ್ದರೆ ಒಳ್ಳೆಯದಿತ್ತು,
ನನ್ನ ಮುಖವನ್ನಷ್ಟೇ ತೋರಿಸಿ ಸುಮ್ಮನಾಗುತ್ತಿತ್ತು.
ಇದು ತಳದ ಕಲ್ಲು, ಕಲ್ಲಿನ ಸಂದಿ,
ಸಂದಿಯಲ್ಲಿ ಕೂತು ಬಾಯಾಡಿಸುವವರನ್ನೆಲ್ಲ ತೋರಿಸುತ್ತದೆ.

ಏಳರ ವಯಸ್ಸಿನಲ್ಲಿ, ಜೊಂಡಿನ ಹತ್ತಿರ,
ಹಾವುಮೀನೊಂದು ನನ್ನ ಮೀನಖಂಡವನ್ನು ಸವರಿ ಹೋಯಿತು.
ಕಚ್ಚಲಿಲ್ಲ. ಕಚ್ಚಿದ್ದರೆ ಗಾಯ ಮಾಯುತ್ತಿತ್ತು.
ಸವರಿದ್ದು ಅಳತೆ ತೆಗೆವ ದರ್ಜಿಯ ಹಾಗೆ,
ಹೊಲಿದುಕೊಡುವುದು ಬಾಕಿ ಇದೆ ಎಂಬ ಹಾಗೆ.
ಅಂದಿನಿಂದ ಮೂವತ್ತನಾಲ್ಕು ಬೇಸಿಗೆ
ಮೊಣಕಾಲಿನವರೆಗೆ ಮಾತ್ರ ಈ ಊರಿನವಳು ನಾನು.

ಹೊಟ್ಟೆಪಾಡು ಮಾತ್ರ ಮೀನಿನಿಂದಲೇ.
ಪ್ಲಾಶಿತ್ಸಾ ಎಂಬ ಬೆರಳುದ್ದದ ಮೀನು,
ಅದರ ಹುರುಪೆ ಅರೆದು, ಬೆಳ್ಳಿಬಣ್ಣದ ಗಂಜಿ ಮಾಡಿ,
ಚಿಪ್ಪಿನ ಗುಂಡಿಗೆ ಬಳಿದು, ಒಣಗಿಸಿ, ಮತ್ತೆ ಬಳಿದು
ಮುತ್ತು ಮಾಡುತ್ತೇವೆ ಹಳೆ ಪೇಟೆಯ ಇಳಿಜಾರಿನಲ್ಲಿ.
ಎಷ್ಟು ಮೀನು ನನ್ನ ಉಗುರಿನಡಿ? ಲೆಕ್ಕವಿಟ್ಟಿಲ್ಲ.
ಅವು ಇಟ್ಟಿರಬಹುದು.
ರಾತ್ರಿ ಉಗುರಿನ ಹೊಳಪಿಗೆ ನಿಂಬೆಹೋಳು ಉಜ್ಜುವಾಗ ಅನ್ನಿಸುತ್ತಿತ್ತು:
ಕತ್ತಿನವರೆಗೆ ನಾನು ಇಳಿದ ದಿನ
ಬತ್ತಲೆ ಮೀನುಗಳೆಲ್ಲ ಬಂದು ಸುತ್ತುವರಿದು
ನಮ್ಮ ಅಂಗಿ ಎಲ್ಲಿ ರಿಸ್ತಾನಾ, ಎಂದು ಕೇಳುತ್ತವೆ.

ಈಜು ಬರುತ್ತದೆ. ಹೋಟೆಲಿನ ನೀಲಿ ಕೊಳದಲ್ಲಿ ಕಲಿತದ್ದು,
ಕ್ಲೋರಿನ್ ಬಿಟ್ಟರೆ ಬೇರೆ ಸಂಸಾರವಿಲ್ಲದ ನೀರಿನಲ್ಲಿ.

ಪಕ್ಕದ ಮನೆಯ ಎವ್‌ಗೆನಿಯಾ, ಎಪ್ಪತ್ತಮೂರು,
ಒಂದು ಕಾಲದ ಅಂಚೆ ಗುಮಾಸ್ತೆ, ತಲೆಗೆ ಬಿಳಿ ರಬ್ಬರಿನ ಟೋಪಿ,
ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದಳು:
"ಒಬ್ಬಳೇ ಈಜಬಾರದಂತೆ, ಡಾಕ್ಟರು ಹೇಳಿದ. ನೀನು ಬಾ."
ಮೀನು, ಎಂದೆ.
"ನಾನು ಹೃದಯ ಎಂದೆನೇ? ಬಾ."

ಬಂಡೆಯಿಂದ ಹಳದಿ ಬುರುಡೆ ತೇಲುವಲ್ಲಿಯವರೆಗೆ
ಪಿಂಚಣಿ, ಎಲೆಕೋಸಿನ ರೇಟು, ಸತ್ತ ಗಂಡನ ಗೊರಕೆ,
ಎಲ್ಲವನ್ನೂ ಹೇಳುತ್ತ ಈಜಿದಳು ಮುದುಕಿ.
ನಾನು ಟೋಪಿಯನ್ನೇ ನೋಡುತ್ತ, ಕೆಳಗೆ ನೋಡದೆ,
ಹೊಟ್ಟೆಯನ್ನು ಒಳಗೆಳೆದುಕೊಂಡು, ಯಾರದೋ ಮನೆಯ ಮಾಡಿನ ಮೇಲೆ
ಕಳ್ಳಹೆಜ್ಜೆ ಇಡುವವಳಂತೆ.

ನೀರು ತಟ್ಟನೆ ತಣ್ಣಗಾದ ಜಾಗದಲ್ಲಿ ಅವಳ ಮಾತು ನಿಂತಿತು.
ತುಟಿ ನೇರಳೆ.
ಅಂಗಾತ ಹೊರಳಿಸಿ, ಒಂದು ಕೈ ಗದ್ದಕ್ಕೆ, ಒಂದು ಬೆನ್ನಿಗೆ.
"ಏನಿಲ್ಲ... ಉಸಿರು ಹಿಂದುಳಿದಿದೆ... ಬರುತ್ತದೆ, ತಡಿ."

ಆಗ ಬಂದವು.
ನೀರೇ ಬೆಳ್ಳಿಯಾಗಿ ಪುಡಿಯಾಗಿ ತಿರುಗಿದ ಹಾಗೆ
ಪ್ಲಾಶಿತ್ಸಾ ಹಿಂಡು, ಇನ್ನೂ ತಮ್ಮ ತಮ್ಮ ಅಂಗಿ ತೊಟ್ಟೇ.
ತೊಡೆಯ ಪಕ್ಕ, ಕಂಕುಳ ಕೆಳಗೆ, ಬೆರಳ ಸಂದಿ...
ಕಿರುಚಲು ಬಾಯಿ ತೆರೆದೆ, ಒಂದು ಗುಟುಕು ಕೆರೆ ಕುಡಿದೆ.
ಎರಡು ಕೈಯೂ ಖಾಲಿ ಇರಲಿಲ್ಲ.
ಹೆದರಲು ಒಂದಾದರೂ ಕೈ ಬೇಕೆಂದು ನನಗೆ ಗೊತ್ತಿರಲಿಲ್ಲ.
ಕೆಳಗೆ ನನ್ನ ಕಾಲುಗಳು ತಮ್ಮ ಪಾಡಿಗೆ ನೀರು ತುಳಿಯುತ್ತಿದ್ದವು,
ಚರ್ಮದೊಳಗೆ ಮೀನಖಂಡ ಮಿಡುಕಿ ಹೊರಳಿ,
ಹಿಂಡಿಗೆ ಎರಡು ದಪ್ಪ ಮೀನು ಹೆಚ್ಚಾದ ಹಾಗೆ.
ದಾರಿ ಬಿಟ್ಟವೋ, ನಮ್ಮನ್ನು ಮುಳುಗಿದ ಕಂಬವೆಂದವೋ,
ಎರಡಾಗಿ ಸೀಳಿ, ಆಚೆ ಒಂದಾಗಿ, ಹೋದವು.
ಅಂಗಿಯ ಮಾತು ಯಾರೂ ಎತ್ತಲಿಲ್ಲ.

"ಹೆಸರೇ ಅಂಜುಬುರುಕಿ ಅಂತ," ಎಂದಳು ಎವ್‌ಗೆನಿಯಾ
ಆಕಾಶ ನೋಡುತ್ತ, ತುಟಿಗೆ ಬಣ್ಣ ಮರಳಿದ ಮೇಲೆ.
"ಆ ಮೀನಿಗೆ. ನಿನಗಲ್ಲ."
ಸ್ವಲ್ಪ ತಡೆದು, "ನಿನಗೂ."

ದಡದಲ್ಲಿ ಅವಳು ಟವೆಲು ಹಿಂಡುತ್ತ ಕೂತಿದ್ದಳು.
ಅರ್ಧ ಗಂಟೆ ನಡುಗಿದವಳು ನಾನು.

ಭಯ ಹೋಯಿತೆ ಎಂದು ಕೇಳಬೇಡಿ.
ನಿನ್ನೆ ಒಂದು ಎಲೆ ಕಾಲಿಗೆ ತಾಗಿ
ಕೋಟೆಗೆ ಕೇಳುವಂತೆ ಕೂಗಿದೆ. ದೋಣಿಯ ಕ್ಲಿಮೆ ಇನ್ನೂ ನಗುತ್ತಿದ್ದಾನೆ.
ಆದರೂ ಆರಕ್ಕೆ ಐದು ನಿಮಿಷ ಇರುವಾಗ
ಬಾಗಿಲು ಬಡಿಯುವವಳು ನಾನೇ.
ಉಗುರು ಹೊಳೆಯುತ್ತವೆ, ಹೊಳೆಯಲಿ.
ನಿಂಬೆಹೋಳು ಈಗ ಥರ್ಮಾಸಿನ ಚಹಾಕ್ಕೆ.