ಖಾಲಿ ತೂಕ

ಗೇಟಿನ ಬೋರ್ಡು ಬದಲಾಗಿದೆ.
ಮೊಳೆ ಮಾತ್ರ ಹಳೆಯವೇ,
ಹೊಸ ತಗಡನ್ನೂ ಅವೇ ಹಿಡಿದುಕೊಂಡಿವೆ:
ಭದ್ರಾ ನದಿ ಬಂದರು, ಕಾಮಗಾರಿ ಪ್ರಗತಿಯಲ್ಲಿದೆ.

ಬಂದರು ಅಂದರೆ ನಮಗೆ ಮಂಗಳೂರು.
ಹೊಳೆಹೊನ್ನೂರು ರಸ್ತೆಯಲ್ಲಿ ಬಂದರು ಅಂದಾಗ
ಟೀ ಅಂಗಡಿಯ ಕುಪ್ಪುಸ್ವಾಮಿ ಲೋಟ ತೊಳೆಯುತ್ತಲೇ ಕೇಳಿದ:
"ಯಾರು ಬಂದರು?"

ಊರಿನ ದೊಡ್ಡ ಕಾರ್ಖಾನೆಯ ಹೊಗೆಯ ನೆರಳಲ್ಲಿ
ಅಣಬೆಯ ಹಾಗೆ ಎದ್ದ ರೋಲಿಂಗ್ ಮಿಲ್ಲು ನಮ್ಮದು.
ನಾನು ಅದರ ತೂಕದ ಕಟ್ಟೆಯ ಗುಮಾಸ್ತ.
ಇಪ್ಪತ್ತೆರಡು ವರ್ಷ ಒಂದೇ ಕಿಟಕಿ, ಒಂದೇ ಸ್ಟೂಲು.
ಲಾರಿ ತುಂಬಿ ಬಂದಾಗ ಒಂದು ಅಂಕಿ,
ಖಾಲಿಯಾಗಿ ಹೊರಟಾಗ ಇನ್ನೊಂದು.
ಅದರಲ್ಲಿ ಇದನ್ನು ಕಳೆ.
ಕಳೆಯುವುದೇ ನನ್ನ ಕಸುಬಾಗಿತ್ತು;
ವರ್ಷಗಳನ್ನೂ ಹಾಗೇ ಕಳೆದೆ, ಚೀಟಿ ಹರಿದು ಕೊಡುತ್ತ.

ಈಗ ನನ್ನನ್ನು ಕರೆಸಿದ್ದು ನಫೀಸಾ.
ಶಿವಮೊಗ್ಗದಲ್ಲಿ ಡಿಪ್ಲೊಮಾ ಮುಗಿಸಿದ ಸರ್ವೆ ಹುಡುಗಿ,
ಕುಲುಮೆಯ ಮುಂದೆ ರೆಪ್ಪೆಗೂದಲು ಸುಟ್ಟುಕೊಂಡ
ಗೌಸ್ ಸಾಬರ ಮೊಮ್ಮಗಳು.
ನಕ್ಷೆಗಳನ್ನೆಲ್ಲ ಗೆದ್ದಲು ತಿಂದಿದೆಯಂತೆ.
"ಅಂಕಲ್, ನೆಲದ ಕೆಳಗೆ ಏನೇನಿದೆ, ನೆನಪಿದೆಯಾ?"

ಬೇವಿನ ಮರದಿಂದ ನಲವತ್ತು ಹೆಜ್ಜೆ: ತಣಿಸುವ ತೊಟ್ಟಿ.
ಅಲ್ಲಿಂದ ಎಡಕ್ಕೆ ಮೋಟಾರಿನ ಗುಂಡಿ.
ಇಲ್ಲಿ ಆರಡಿ ಕಿಟ್ಟ, ಹುಲ್ಲೂ ಹುಟ್ಟದು, ಹುಷಾರು.
(ಅವರು ಹುಷಾರಾಗಲಿಲ್ಲ. ಕೊರೆಯುವ ಮಿಷನ್ನಿನ ಹಲ್ಲು
ಎರಡು ಸಲ ಮುರಿಯಿತು.)
ನಾನು ನಡೆದೆ, ಅವಳು ಗೂಟ ಹೊಡೆಸಿದಳು.
ಒಂದು ಕಡೆ ಮಾತ್ರ ನನ್ನ ಕಾಲು ತಾನಾಗಿ ಬಳಸಿ ಹೋಯಿತು.
"ಅಲ್ಲೇನಿದೆ?"
"ಏನಿಲ್ಲ. ಅಭ್ಯಾಸ."

ಏನಿಲ್ಲ ಎಂಬುದು ಸುಳ್ಳಲ್ಲ.
ಕೆಂಪಗೆ ಕಾದ ಸರಳು ಉರುಳೆಗಳ ಬಾಯಿ ತಪ್ಪಿ
ಕೇರೆಹಾವಿನಂತೆ ಎದ್ದು ಮುನಿರತ್ನಂನ ಸುತ್ತಿಕೊಂಡ ಜಾಗ.
ಮರುದಿನದಿಂದ ಯಾರೂ ಅಲ್ಲಿ ತುಳಿಯಲಿಲ್ಲ.
ರಾತ್ರಿಪಾಳಿಯವರು ಒಂದೊಂದು ಬೀಡಿ ಇಟ್ಟು ಹೋಗುತ್ತಿದ್ದರು,
ಬೆಂಕಿಪೊಟ್ಟಣ ಇಡುತ್ತಿರಲಿಲ್ಲ.
ನಫೀಸಾ ಕೇಳಲಿಲ್ಲ.
ಅವಳ ಹಾಳೆಯಲ್ಲಿ ಒಂದು ಪುಟ್ಟ ಸೊನ್ನೆ ಮೂಡಿತು,
ಪಕ್ಕದಲ್ಲಿ ಹೆಸರಿಲ್ಲ.

ಆಮೇಲೆ ಹೊಳೆಗೆ ಇಳಿದೆವು.
ಅಣೆಕಟ್ಟಿನ ಗೇಟು ತೆರೆದರೆ ಹೊಳೆ, ಮುಚ್ಚಿದರೆ ಬಂಡೆ.
ಏಪ್ರಿಲ್ ತಿಂಗಳು; ಎಮ್ಮೆಗೇ ಹೊಟ್ಟೆ ನೆನೆಯದ ನೀರು.
ಇದರಲ್ಲಿ ಹಡಗೆ?
ಹೊಳೆಯಲ್ಲಿ ಹುಣಸೆಹಣ್ಣು ಕಲಸುವುದಕ್ಕಾದರೂ ಹೊಳೆ ಬೇಕಲ್ಲ, ಮಗಳೇ.
"ಕೆಳಗಡೆ ಒಡ್ಡು ಕಟ್ಟಿ ನೀರು ನಿಲ್ಲಿಸ್ತೀವಿ," ಅಂದಳು,
ಹಾಲಿಗೆ ಹೆಪ್ಪು ಹಾಕ್ತೀವಿ ಅಂದಷ್ಟು ಸಲೀಸಾಗಿ.

ಮಡುವಿನಲ್ಲಿ ಪರೀಕ್ಷೆಗೆ ತಂದ ದೋಣಿ,
ತಗಡಿನದು, ಚಪ್ಪಟೆ ಹೊಟ್ಟೆಯದು.
"ಸರಕು ಬಂದರೆ ತೂಗುವುದೆಲ್ಲಿ?
ನನ್ನ ಕಟ್ಟೆಯನ್ನು ಕಿತ್ತಿದ್ದೀರಲ್ಲ."
ಅವಳು ದೋಣಿಯ ಮಗ್ಗುಲಿಗೆ ಬಳಿದ ಬಿಳಿ ಅಂಕಿ ತೋರಿಸಿದಳು.
ಹುಡುಗರು ಮರಳಿನ ಚೀಲ ಹೇರಿದರು.
ನಾಲ್ಕು ಮುಳುಗಿತು. ಐದರ ಕತ್ತಿಗೆ ನೀರು ಬಂತು.
"ನೀರೇ ತೂಗುತ್ತೆ, ಅಂಕಲ್."

ಗುಮಾಸ್ತನಿಲ್ಲ, ಚೀಟಿಯಿಲ್ಲ,
ಡ್ರೈವರು ಕಿಟಕಿಗೆ ತೂರಿಸುವ ಐವತ್ತರ ನೋಟಿಲ್ಲ.
(ತೆಗೆದುಕೊಂಡಿದ್ದೇನೆ. ಮೂರು ಸಲ. ನಾಲ್ಕು.)
ಹೊಳೆ ಮೋಸ ಮಾಡದು ಎಂದೇನೂ ನಾನು ಹೇಳಲಾರೆ,
ಅದರ ಜೊತೆ ಕೆಲಸ ಮಾಡಿದವನಲ್ಲ.

ಚೀಲ ಇಳಿಸಿದರು. ಐದು ತೇಲಿತು, ನಾಲ್ಕು ತೇಲಿತು,
ಒದ್ದೆ ಅಂಕಿ ಬಿಸಿಲಿಗೆ ಹೊಳೆಯಿತು.
"ಬನ್ನಿ ಅಂಕಲ್, ಹತ್ತಿ."
ಚಪ್ಪಲಿ ಬಿಟ್ಟು ಹತ್ತಿದೆ, ತೂಕದ ಕಟ್ಟೆಯ ಮೇಲೆ
ಎಂದೂ ನಿಲ್ಲದಿದ್ದವನು.
ಬಗ್ಗಿ ನೋಡಿದೆ: ಅಂಕಿ ಅಲುಗಲಿಲ್ಲ.
ಇನ್ನಷ್ಟು ಬಗ್ಗಿದೆ. ಕೂದಲೆಳೆಯಷ್ಟು, ಅಷ್ಟೇ,
ಅದೂ ಅಲೆಯೇ ಇರಬೇಕು.

ಬರೆದುಕೊಳ್ಳೋಣವೆಂದು
ಜೇಬಿನಲ್ಲಿ ಪೆನ್ನು ತಡಕಿದೆ.
ದಡದಿಂದ ಕುಪ್ಪುಸ್ವಾಮಿ ಕೂಗುತ್ತಿದ್ದ, ಟೀ ಆರುತ್ತಿದೆಯಂತೆ.