ಸೀಸ, ಸೀಸೆ

ಹುಮನಾಬಾದ್ ಬೇಸಿನ ಪಂಪಿನಲ್ಲಿ
ನಳಿಗೆ ಎತ್ತಿ ಹಿಡಿದು ನಿಂತಿದ್ದಾಳೆ ಹುಡುಗಿ.
ತಡಿ ಎನ್ನುತ್ತೇನೆ. ಪೆಟ್ರೋಲಿಗೂ ಮೊದಲು
ಚೀಲದಿಂದ ಸೀಸೆ ತೆಗೆದು
ಮುಚ್ಚಳದಲ್ಲಿ ಅಳೆದು ಸುರಿಯುತ್ತೇನೆ,
ಹತ್ತು ಲೀಟರಿಗೆ ಒಂದು ಮುಚ್ಚಳ.
"ಏನ್ರೀ ಮೇಡಂ, ಕಾರಿಗೆ ಜ್ವರ ಬಂದದೇನು?"
"ಜ್ವರ ಅಲ್ಲವ್ವ. ಹಳೇ ಚಟ."

ಐವತ್ತೆಂಟರ ಮಾರಿಸ್ ಮೈನರ್. ಚಿಗವ್ವನದು.
ಡಾಕ್ಟರ್ ಗುರುಬಸವ್ವ ಎಂದರೆ ಕಮಲಾಪುರದಿಂದ ಚಿತ್ತಾಪುರದ ತನಕ
ಹೆರಿಗೆಯಾದ ಮನೆಗಳಿಗೆಲ್ಲ ಗೊತ್ತು.
ಅವಳಿಗಿಂತ ಮೊದಲು ಅವಳ ಇಂಜಿನ್ನು ಕೇಳಿಸುತ್ತಿತ್ತಂತೆ,
ಟಿಕ್ ಟಿಕ್ ಟಿಕ್, ಹೊಲಿಗೆ ಮಿಷಿನ್ನಿನ ಹಾಗೆ.
"ಬಂದಳು ಬಿಡವ್ವ, ಇನ್ನ ತಿಣಕು"
ಎನ್ನುತ್ತಿದ್ದರಂತೆ ಸೂಲಗಿತ್ತಿಯರು.

ಹೋದ ಮಾಗಿಯಲ್ಲಿ ಆ ಸದ್ದು ಸಣ್ಣಗಾಯಿತು.
ನನಗೆ ಹಿಗ್ಗು. ಮುಪ್ಪಿನಲ್ಲಿ ಮೆತ್ತಗಾಯಿತು ಅಂದುಕೊಂಡೆ.
ಸೇಡಂ ರಸ್ತೆಯಲ್ಲಿ ಅರಳೆಯಂತೆ ಹೋಗುತ್ತಿತ್ತು.

ದಸ್ತಗೀರ ಉಸ್ತಾದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗಿಟ್ಟ,
ಹಿಡಿಯನ್ನು ಕಿವಿಗೆ.
"ಸಪ್ಪಳ ಇಲ್ಲಂತ ಖುಷಿ ಆಗೀರೇನಕ್ಕ?
ಸಪ್ಪಳ ಅಂದ್ರ ಸಂದು. ಕೂದಲೆಳಿಯಷ್ಟು ಸಂದು.
ವಾಲ್ವು ಸೀಟಿನ್ಯಾಗ ಹೂತು ಅದನ್ನ ನುಂಗ್ಯಾದ.
ಇನ್ನೊಂದು ತಿಂಗಳು ಓಡಿಸಿದ್ರ
ಬಾಯಿ ಮುಚ್ಚಲಾರದ ಸುಟ್ಟು ಹೋಗತಿತ್ತು."

ಹೆಡ್ಡು ಬಿಚ್ಚಿ ತೋರಿಸಿದ.
ಮೂರನೆಯ ಸೀಟು ಸವೆದು ಸವೆದು
ಅಜ್ಜಿಯ ಖಾರ ಕುಟ್ಟುವ ಒರಳಾಗಿತ್ತು.
"ಆವಾಗಿನ ಪೆಟ್ರೋಲಿನ್ಯಾಗ ಸೀಸ ಇತ್ತು.
ಬಡಿತಕ್ಕ ಬಡಿತಕ್ಕ ನಡುವ ತೆಳ್ಳನ ಹಾಸಿಗಿ ಹಾಸತಿತ್ತು.
ಸರಕಾರ ಅದನ್ನ ತೆಗೀತು. ಚಲೋನೇ ಮಾಡ್ತು."

ಚಲೋನೇ ಮಾಡ್ತು ಎಂದವನ ಕೈ ನಡುಗುತ್ತಿತ್ತು.
ಹನ್ನೊಂದಕ್ಕೇ ಗ್ಯಾರೇಜು ಸೇರಿದವನು,
ರಬ್ಬರ್ ಪೈಪು ಬಾಯಿಗಿಟ್ಟು ಟ್ಯಾಂಕಿನಿಂದ ಎಳೆದವನು,
ಸಂಜೆ ಅದರಲ್ಲೇ ಕೈತೊಳೆದು ರೊಟ್ಟಿ ಮುರಿದವನು.
"ಸಿಹಿ ವಾಸನಿ ಇತ್ತಕ್ಕ ಅದಕ್ಕ" ಅಂದ,
ತೀರಿಕೊಂಡ ಗೆಳೆಯನನ್ನು ನೆನೆಯುವ ಹಾಗೆ.
ದವಾಖಾನೆಯಲ್ಲಿ ನರ ಎನ್ನುತ್ತಾರಂತೆ, ವಯಸ್ಸು ಎನ್ನುತ್ತಾರಂತೆ.
ಚೀಟಿಯಲ್ಲಿ ಸೀಸ ಎಂದು ಯಾರೂ ಬರೆದಿಲ್ಲ.
ಇಂಜಿನ್ನಿಗೆ ಹಾಸಿಗೆಯಾದದ್ದು
ಮನುಷ್ಯನೊಳಗೆ ಎಲ್ಲಿ ಹೋಗಿ ಮಲಗುತ್ತದೆ?
ನಾನು ಕೇಳಲಿಲ್ಲ. ಚಹಾ ಬಂತು, ಕುಡಿದೆವು.

ಹೈದರಾಬಾದಿನ ಲೇಥಿನಲ್ಲಿ ಗಟ್ಟಿ ಸೀಟು ಕೂರಿಸಿದರೆ
ಯಾವ ಔಷಧದ ಹಂಗೂ ಇಲ್ಲವಂತೆ.
ದುಡ್ಡು ಹೊಂದುವ ತನಕ ಈ ಸೀಸೆ,
ಮ್ಯಾಂಗನೀಸೋ ಪೊಟ್ಯಾಶಿಯಮ್ಮೋ,
ಅದರ ಮೇಲಿನ ಅಕ್ಷರ ನನ್ನ ಕಣ್ಣಿಗೆ ಹತ್ತುವುದಿಲ್ಲ.
ಸೀಸ ಹೋಗಿ ಸೀಸೆ ಬಂತು,
ನಡುವೆ ಒಂದು ಎತ್ವದ ದೂರ.

ಕೊನೆಗೆ ಸಂದು ಕೂಡಿಸಲು ಮೊಮ್ಮಗಳನ್ನು ಕರೆದ.
ನುಸ್ರತ್, ಒಂಬತ್ತನೆಯ ಇಯತ್ತೆ,
ಉಗುರಿಗಿಂತ ತೆಳುವಾದ ಗೇಜಿನ ಎಲೆಯನ್ನು
ಟ್ಯಾಪೆಟ್ಟಿನೊಳಗೆ ಆಡಿಸಿದಳು.
ಅವನು ದೂರ, ಸ್ಟೂಲಿನ ಮೇಲೆ,
ತೊಡೆಗಳ ನಡುವೆ ಕೈ ಅದುಮಿಟ್ಟುಕೊಂಡು, ಕಣ್ಣು ಮುಚ್ಚಿ.
"ಇನ್ನೊಂದು ಎಳಿ ಸಡಿಲ ಬಿಡು.
ಹಾಂ. ಬಸ್."

ಹಿಂದಿನ ಬೈಕಿನವನು ಹಾರ್ನು ಒತ್ತುತ್ತಿದ್ದಾನೆ.
ಪಂಪಿನ ಹುಡುಗಿ ಚಿಲ್ಲರೆ ಎಣಿಸಿಕೊಟ್ಟಳು.
ಕೀಲಿ ತಿರುವುತ್ತೇನೆ:
ಟಿಕ್ ಟಿಕ್ ಟಿಕ್ ಟಿಕ್.

"ಭಾಳ ಸಪ್ಪಳ ಅದರೀ ಮೇಡಂ, ರಿಪೇರಿ ಮಾಡಸ್ರಿ."

"ಮೊನ್ನೇನೇ ಮಾಡಿಸೀನವ್ವ."