ಕಂಟಿನ್ಯುಟಿ ಪುಸ್ತಕ

ನನ್ನ ಕೆಲಸ ಇಷ್ಟೇ:
ಒಂದು ಶಾಟಿಗೂ ಇನ್ನೊಂದಕ್ಕೂ ನಡುವೆ
ಲೋಕ ಬದಲಾಗದಂತೆ ಕಾಯುವುದು.
ಸಿಗರೇಟು ಎಷ್ಟು ಸುಟ್ಟಿತ್ತು, ಗ್ಲಾಸಿನಲ್ಲಿ ಬಿಯರೆಷ್ಟು,
ಹೆಣದ ಎಡಗೈ ಬೆರಳು ಮಡಚಿತ್ತೋ ಬಿಚ್ಚಿತ್ತೋ
ಬರೆದಿಡುತ್ತೇನೆ, ಇಪ್ಪತ್ತೆರಡು ವರ್ಷದಿಂದ.
ತಪ್ಪಿದರೆ ಬೈಗುಳ ನನಗೆ.

ಈ ಸಲ ಲಿಸ್ಬನ್ನಿನ ಹೊರಗೆ, ಸಿಂತ್ರಾ ರೈಲು ಹಳಿಯಾಚೆ,
ಕೇಪ್‌ವರ್ಡಿನವರ ಕೇರಿಯಲ್ಲಿ ಶೂಟಿಂಗು.
ಗಿಲಾವು ಕಾಣದ ಇಟ್ಟಿಗೆ, ತಗಡು ಹಾರದಂತೆ ಹಳೇ ಟಯರು,
ಬೀದಿಗೇ ಒಲೆ ಹೂಡಿ ಮೆಕ್ಕೆಜೋಳ ಕುದಿಸುವ ಹೆಂಗಸರು.
ಕತೆ: ಗಾಂಜಾದ ದುಡ್ಡು ಹಂಚಿಕೊಳ್ಳುವ ನಾಲ್ವರು ಪೊಲೀಸರು,
ಸತ್ತ ಕರಿಯ ಹುಡುಗನೊಬ್ಬ.
ನಿರ್ದೇಶಕ ಗೊನ್ಸಾಲುಗೆ ಎಲ್ಲ ಹಸಿಹಸಿಯಾಗಿ ಬೇಕು.
ಹಾಗಂತ ಬೆಳಗಿನ ಐದಕ್ಕೇ ಬೀದಿಗೆ ನೀರು ಹೊಡೆಸಿದ.
ಲಂಚದ ಸೀನಿಗೆ ತಂದ ನಕಲಿ ನೋಟಿನಲ್ಲಿ
ಒಂದು ಕಟ್ಟು ಮಂಗಳವಾರದಿಂದ ಕಾಣೆ.
ಚರ್ಮಕ್ಕೆ ಬಯ್ಯುವ ಆ ಒಂದು ಪದ ಮಾತ್ರ ಬೇಡವೆಂದರು ಟೀವಿಯವರು.
ಹೊಡೆದುಹಾಕಿದೆ.

ಪೊಲೀಸಿನ ಪಾತ್ರದವನು ಸಾಧು. ಪ್ರತಿ ಟೇಕಿಗೂ
ಕೆಳಗೆ ಬಿದ್ದ ಎಡ್‌ಮಿಲ್ಸನ್‌ನ ಕೇಳುತ್ತಾನೆ, ನೋವಾಯಿತೇನೋ?
ರಸ್ತೆ ಕಾಯಲು ದಿನಗೂಲಿಗೆ ಬಂದ ನಿಜದ ಪೊಲೀಸಿನವನೊಬ್ಬ
ಬನ್ನು ಜಗಿಯುತ್ತ ನೋಡಿ ನೋಡಿ ತಡೆಯಲಾರದೆ
"ಮಂಡಿ ಅಲ್ಲಲ್ಲ," ಅಂದ, "ಇನ್ನೊಂಚೂರು ಮೇಲೆ."
ಕೂತು ತೋರಿಸಿಕೊಟ್ಟ.
ಗೊನ್ಸಾಲು ಅವನ ಕೈ ಕುಲುಕಿದ.
ನಾನು ಬರೆದುಕೊಂಡೆ: ಮಂಡಿ, ಕುತ್ತಿಗೆಯ ಬುಡ, ಎಡಕ್ಕೆ.

ಸೀನು ನಲವತ್ತೊಂದು. ಸಾಮಾನಿನ ಹುಡುಗ
ಪಿಸ್ತೂಲನ್ನು ಹೆಣದ ಪಕ್ಕ ಮೊದಲೇ ಇಟ್ಟುಬಿಟ್ಟಿದ್ದ.
"ಎತ್ತೋ ಅದನ್ನ!" ಕೂಗಿದೆ, "ಪಿಸ್ತೂಲಿನ್ನೂ ಬಂದಿಲ್ಲ,
ಪೊಲೀಸರು ಇಡೋದು ನಲವತ್ತೆರಡರಲ್ಲಿ!"
ಹಗ್ಗದಾಚೆ ನಿಂತ ಹೆಂಗಸೊಬ್ಬಳು
ತಿರುಗಿ ನನ್ನನ್ನೇ ನೋಡಿದಳು.

ಊಟದ ಬಿಡುವಿಗೆ ಬಂದಳು. ಜುಲ್ಮೀರಾ.
ಕಚೇರಿಗಳ ನೆಲ ಒರೆಸಿ ಒರೆಸಿ ಸುಲಿದ ಬೆರಳು.
ಕವರಿನಿಂದ ಎರಡು ಫೋಟೋ ತೆಗೆದಳು, ಕೋರ್ಟಿನ ಮೊಹರಿನವು.
"ತಪ್ಪು ಹುಡುಕೋದು ನಿನ್ನ ಕಸುಬಂತಲ್ಲ, ನೋಡು."

ಒಂಬತ್ತು ಗಂಟೆ ಹದಿನಾಲ್ಕು ನಿಮಿಷ: ಅವಳ ಮಗ ಇವಾಲ್ದು,
ಕೈ ಪಕ್ಕ ರಟ್ಟಿನ ಡಬ್ಬಿಯಲ್ಲೊಂದು ಬಲ್ಬು.
ಒಂಬತ್ತು ಇಪ್ಪತ್ತೈದು: ಪಿಸ್ತೂಲು.
ಬಲ್ಬಿಲ್ಲ.

ಕನ್ನಡಕ ಒರೆಸಿಕೊಂಡೆ. ಕಣ್ಣು ತನ್ನ ಪಾಡಿಗೆ ಕೆಲಸಕ್ಕಿಳಿಯಿತು.
ತೋಳು ಒಂದು ಗೇಣು ಸರಿದಿದೆ. ಜೇಬು ಹೊರಕ್ಕೆ ಮಗುಚಿದೆ.
ನೆತ್ತರು ಪಿಸ್ತೂಲನ್ನು ಬಳಸಿ ಹರಿದಿಲ್ಲ,
ಅದರಡಿಯಲ್ಲೇ ಹಾದುಹೋಗಿದೆ.
"ಮೂವರು ನ್ಯಾಯಾಧೀಶರು ನೋಡಿದರು," ಅಂದಳು.
ಅಲ್ಲಿ ನನ್ನಂಥ ಕೂಲಿಯವಳು ಒಬ್ಬಳೂ ಇರಲಿಲ್ಲ ನೋಡಿ,
ಎದ್ದು ನಿಂತು "ಹೊಂದುತ್ತಿಲ್ಲ ಸ್ವಾಮೀ" ಅನ್ನಲು.

ಬಲ್ಬು ಯಾತಕ್ಕೆ? ಕೇಳಬಾರದಿತ್ತು, ಕೇಳಿದೆ.
"ಮೆಟ್ಟಿಲಿಗೆ. ಎರಡು ಸಲ ಎಡವಿದ್ದೆ ನಾನು."

ಸಂಜೆ ಪ್ಯಾಕಪ್ಪು. ರೈಲು ನಿಲ್ದಾಣದಲ್ಲಿ
ಎಡ್‌ಮಿಲ್ಸನ್‌ನ ಗೋಡೆಗೆ ಮುಖಮಾಡಿ ನಿಲ್ಲಿಸಿದ್ದರು,
ಕೈ ಮೇಲೆ, ಕಾಲು ಅಗಲ.
ಹುಡುಕುತ್ತಿದ್ದವನು ಬೆಳಗಿನ ಮೇಷ್ಟ್ರೇ,
ಬನ್ನು ತಿಂದವನು.
"ಏನಿದು ಕುತ್ತಿಗೆಗೆ?"
"ಬಣ್ಣ ಸಾರ್."
"ಯಾರದು?"
ನಾನು ಹೊಡೆದುಹಾಕಿದ್ದ ಆ ಪದ
ಪ್ಲಾಟ್‌ಫಾರ್ಮಿನ ತುಂಬ ಕೇಳಿಸಿತು, ಒಂದಕ್ಷರ ಬಿಡದೆ.
ಓಡಿಹೋಗಿ ಕಾಲ್‌ಶೀಟು ತೋರಿಸಿದೆ, ನನ್ನ ಬಿಳಿ ಮುಖ ತೋರಿಸಿದೆ.
ಬಿಟ್ಟಿದ್ದು ಯಾವುದಕ್ಕೆ ಅಂತ ನನಗೂ ಗೊತ್ತು,
ಎಡ್‌ಮಿಲ್ಸನ್‌ಗೂ ಗೊತ್ತು.
ಮನೆವರೆಗೆ ಮಾತಾಡಲಿಲ್ಲ ಅವನು.

ಅವತ್ತಿನ ಪುಟದ ಕೊನೆಗೆ, ದೋಷದ ಕಾಲಮ್ಮಿನಲ್ಲಿ,
ಬರೆದೆ: 9.14 ಬಲ್ಬು. 9.25 ಪಿಸ್ತೂಲು. ಹೊಂದುತ್ತಿಲ್ಲ.
ತಿಂಗಳ ಮೇಲೆ ಎಡಿಟರು ಫೋನು ಮಾಡಿದ,
ಇದ್ಯಾವ ಶಾಟಮ್ಮಾ? ಎಷ್ಟು ಹುಡುಕಿದರೂ ಸಿಗುತ್ತಿಲ್ಲ.
ಹುಡುಕು, ಅಂದೆ.